ಕುಡಿಯುವ ಕಾರು

ಗುಜರಾತಿನಲ್ಲಿ 1960ರಿಂದ ಪಾನನಿಷೇಧ. ಅಹಮದಾಬಾದೋ ಸೂರತ್ತೋ, ನಮ್ಮಂಥ ಕನ್ನಡಿಗರು ಮಜ್ಜಿಗೆ ಕುಡಿದು ಮಲಗಬೇಕು. ರಿಮೋಟಿನಿಂದ ಓಡುವ ಆಟದ ನೈಟ್ರೊ ಕಾರಿನ ಗತ್ತು ನೋಡಿ: ಕುಡಿಯುವುದು ಮೆಥನಾಲ್, ನೈಟ್ರೊಮೀಥೇನ್! ಮೆಥನಾಲ್ ಹೊಟ್ಟೆಗೆ ಹೋದರೆ ಮನುಷ್ಯನ ಕಣ್ಣು, ಪ್ರಾಣ ಎರಡೂ ಹೋಗಬಹುದು, 3.5 ಸಿಸಿ ಎಂಜಿನ್ ಮಾತ್ರ ನಿಮಿಷಕ್ಕೆ 30,000 ಸುತ್ತು ದಾಟುತ್ತದೆ. ಸವೆಯದಿರಲಿ ಎಂದು ಇಂಧನಕ್ಕೆ ಹರಳೆಣ್ಣೆಯನ್ನೂ ಬೆರೆಸುವುದುಂಟು. ಹರಳು ಬೆಳೆಯುವುದರಲ್ಲಿ ಗುಜರಾತೇ ಮುಂದು. ಅಜ್ಜಿ ಕುಡಿಸಿದ ಹರಳೆಣ್ಣೆಗೆ ನಾವು ಓಡುತ್ತಿದ್ದೆವಲ್ಲ, ಥೇಟ್ ಹಾಗೆಯೇ ಇದರ ಓಟ!

1986ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಮೊದಲಾದ, ಇಂಥ ಕಾರುಗಳ ಮಣ್ಣುಹಾದಿಯ ವಿಶ್ವ ಚಾಂಪಿಯನ್‌ಷಿಪ್‌ನ ಫೈನಲ್ ಈಗ ಒಂದು ಗಂಟೆ. ಚಾಲಕರು ಅಟ್ಟದ ಮೇಲೆ ರಿಮೋಟ್ ಹಿಡಿದು ನಿಂತಿರುತ್ತಾರೆ. ಕಾರು ಹತ್ತು ನಿಮಿಷಕ್ಕೊಮ್ಮೆ ಬಾಯಾರಿ ಪಿಟ್‌ಗೆ ಬರುತ್ತದೆ.

ವಡೋದರಾದ ಪಕ್ಕದ ಮನೆಯ ಭಾಯಿಗೆ ಇದನ್ನೆಲ್ಲ ವಿವರಿಸಿದೆ.

“ಗೆದ್ದರೆ ಏನು ಸಿಗುತ್ತೆ?”

“ಕಪ್ಪು.”

“ಚಹಾ ಸಮೇತನಾ?”