ಸೆಲ್ಫ್ ಸೊನ್ನೆ, ಚಿಲ್ಡ್ರನ್ ನೂರು

ರಾತ್ರಿ ಓಡಬೇಕಾದ ಬಿಲ್ಲಿಂಗ್ ಪ್ರೋಗ್ರಾಂ ಬೆಳಗಾದರೂ ಮುಗಿಯದಿದ್ದರೆ ನಮ್ಮ ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಮೊದಲು ಆಗುವುದು ಮೀಟಿಂಗ್. ಡೇಟಾಬೇಸಿನವರು ನೆಟ್‌ವರ್ಕಿನವರತ್ತ ಬೊಟ್ಟು ಮಾಡುತ್ತಾರೆ, ನೆಟ್‌ವರ್ಕಿನವರು ಡೇಟಾಬೇಸಿನವರತ್ತ. ಕೊನೆಗೆ ಇನ್ನೂ ದೊಡ್ಡ ಸರ್ವರ್ ತರಿಸೋಣ ಎಂಬಲ್ಲಿಗೆ ಒಮ್ಮತ. ಯಾರಪ್ಪನ ಮನೆ ಗಂಟು?

ಅಷ್ಟರಲ್ಲಿ ಮೂಲೆಯಲ್ಲಿ ಕೂತ ಹುಡುಗಿಯೊಬ್ಬಳು ಎಸ್‌ಎಸ್‌ಎಚ್ ಹಿಡಿದು ಸರ್ವರಿನೊಳಗೆ ಹೋಗಿ ‘ಪರ್ಫ್ ರೆಕಾರ್ಡ್’ ಓಡಿಸಿರುತ್ತಾಳೆ. 2009ರಿಂದ ಲಿನಕ್ಸ್ ಕರ್ನಲ್ಲಿನ ಜೊತೆಗೇ ಬರುತ್ತಿರುವ ಸಲಕರಣೆ ಇದು. ಸೆಕೆಂಡಿಗೆ ನೂರಾರು, ಸಾವಿರಾರು ಸಲ ಪ್ರೋಗ್ರಾಮನ್ನು ತಡೆದು, ‘ಈಗ ಏನ್ಮಾಡ್ತಿದೀಯ?’ ಎಂದು ಕೇಳಿ ಬರೆದಿಟ್ಟುಕೊಳ್ಳುತ್ತದೆ. ಬರೆದದ್ದನ್ನು ಓದಲು ಮೌಸೂ ಬೇಡ, ಕಿಟಕಿಯೂ ಬೇಡ. ‘ಪರ್ಫ್ ರಿಪೋರ್ಟ್’ ಎಂದು ಟೈಪಿಸಿ ‘ಎಸ್‌ಟಿಡಿಐಒ’ ಎಂಬ ಬಾಲ ಸೇರಿಸಿದರೆ ಉತ್ತರ ಬರೀ ಅಕ್ಷರಗಳಲ್ಲಿ ಸುರಿಯುತ್ತದೆ.

“ಸರ್, ಒಂದೊಂದು ಬಿಲ್ಲಿಗೂ ಅದೇ ದರಪಟ್ಟಿಯನ್ನ ಮೊದಲಿಂದ ಪಾರ್ಸ್ ಮಾಡ್ತಿದೆ. ಟೈಮೆಲ್ಲ ಅಲ್ಲೇ ಹೋಗ್ತಿದೆ.”

“ಇದೇನಮ್ಮಾ, ಕಪ್ಪು ಸ್ಕ್ರೀನು? ಕ್ಲೈಂಟಿಗೆ ಇದನ್ನ ತೋರಿಸಕ್ಕಾಗತ್ತಾ? ಗ್ರಾಫ್ ಇಲ್ವಾ?”

ಗ್ರಾಫಿಗಾಗಿ ಒಬ್ಬ ಹಿರಿಯರು ಡೇಟಾ ಫೈಲನ್ನಷ್ಟೇ ತಮ್ಮ ಲ್ಯಾಪ್‌ಟಾಪಿಗೆ ಇಳಿಸಿಕೊಂಡರು. ಪ್ರೋಗ್ರಾಮಿನ ಬೈನರಿ ಅಲ್ಲಿಲ್ಲ. ಹೀಗಾಗಿ ಫಂಕ್ಷನ್‌ಗಳ ಹೆಸರು ಮಾಯವಾಗಿ, ಸೊನ್ನೆ-ಎಕ್ಸ್‌ನಿಂದ ಶುರುವಾಗುವ ವಿಳಾಸಗಳಷ್ಟೇ ಉಳಿದವು. ಫೈಲ್ ಎನ್‌ಕ್ರಿಪ್ಟ್ ಆಗಿದೆಯೆಂದು ಅವರು ಸೆಕ್ಯುರಿಟಿ ತಂಡಕ್ಕೆ ಮೇಲ್ ಹಾಕಿದರು.

ಕೊನೆಗೆ ಹುಡುಗಿಯೇ ಫ್ಲೇಮ್ ಗ್ರಾಫ್ ಮಾಡಿಕೊಟ್ಟಳು. ಬ್ರೆಂಡನ್ ಗ್ರೆಗ್ 2011ರಲ್ಲಿ ರೂಪಿಸಿದ ಈ ಚಿತ್ರದಲ್ಲಿ ನೋಡಬೇಕಾದ್ದು ಪಟ್ಟಿಯ ಅಗಲ. ಕೆಂಪು, ಹಳದಿ, ಕಿತ್ತಳೆಗೆ ಮಾಮೂಲಾಗಿ ಯಾವ ಅರ್ಥವೂ ಇಲ್ಲ. ಎಡದಿಂದ ಬಲಕ್ಕೆ ಇರುವುದು ಅಕಾರಾದಿ ಕ್ರಮ, ಗಡಿಯಾರವಲ್ಲ. ಆದರೆ ವೈಸ್ ಪ್ರೆಸಿಡೆಂಟರ ಲೇಸರ್ ಚುಕ್ಕಿ ನೇರವಾಗಿ ಹೋಗಿ ನಿಂತದ್ದು ಎಲ್ಲಕ್ಕಿಂತ ಕೆಂಪಾಗಿದ್ದ, ದಾರದೆಳೆಯಷ್ಟು ತೆಳ್ಳಗಿನ ಪಟ್ಟಿಯ ಮೇಲೆ. “ಡೇಂಜರ್ ಇಲ್ಲಿದೆ.” ಆ ಪಟ್ಟಿಯ ಫಂಕ್ಷನ್ ಬರೆದ ಬಡಪಾಯಿ ಭಾನುವಾರವೂ ಬಂದು ರಿಪೇರಿ ಮಾಡಿದ. ಪಟ್ಟಿ ಈಗಲೂ ಕೆಂಪಗೇ ಇದೆ.

ಅಸಲಿ ಎಡವಟ್ಟಾದದ್ದು ಆಮೇಲೆ. ಮ್ಯಾನೇಜರ್ ಸಾಹೇಬರು ದೊಡ್ಡ ಮನಸ್ಸು ಮಾಡಿ ಕಪ್ಪು ಸ್ಕ್ರೀನಿನ ಮೊದಲ ಸಾಲುಗಳನ್ನೂ ಓದಿದರು. ‘ಮೇನ್’ ಎಂಬ ಫಂಕ್ಷನ್ನಿನ ಎದುರು ಚಿಲ್ಡ್ರನ್ ಕಾಲಂನಲ್ಲಿ ಹೆಚ್ಚೂಕಡಿಮೆ ನೂರು, ಸೆಲ್ಫ್ ಕಾಲಂನಲ್ಲಿ ಸೊನ್ನೆ. “ಏನು ಹಾಗಂದ್ರೆ?”

“ಸೆಲ್ಫ್ ಅಂದ್ರೆ ತಾನೇ ಮಾಡಿದ ಕೆಲಸ ಸರ್. ಚಿಲ್ಡ್ರನ್‌ಗೆ, ತಾನು ಕರೆದವರ ಹತ್ರ ಮಾಡಿಸಿದ್ದೂ ಸೇರತ್ತೆ. ಇವರು ಎಲ್ಲರನ್ನೂ ಕರೀತಾರೆ, ಸ್ವಂತಕ್ಕೆ ಏನೂ ಮಾಡಲ್ಲ.”

ಯಾರೋ ಕೆಮ್ಮಿದರು. ಕರೆಸಿಕೊಂಡವರ ದುಡಿಮೆಯನ್ನು ಕರೆದವರ ಖಾತೆಗೂ ಬರೆಯುವ ಏರ್ಪಾಡು ಹೊಸದೇನಲ್ಲ, 1982ರ ಬರ್ಕ್ಲಿಯ ಜಿಪ್ರಾಫ್ ಎಂಬ ಇಂಥದೇ ಸಲಕರಣೆಯಲ್ಲೇ ಇತ್ತು. ಕಾರ್ಪೊರೇಟ್ ಜಗತ್ತಿನಲ್ಲಿ ಅದಕ್ಕೂ ಹಿಂದಿನಿಂದ ಇದೆ. “ಬೇಡ ಅಂದ್ರೆ ‘ನೋ ಚಿಲ್ಡ್ರನ್’ ಅಂತ ಹಾಕ್ಬಹುದು ಸರ್. ಆಗ ಸ್ವಂತ ಕೆಲಸದ ಲೆಕ್ಕದಲ್ಲಿ ಸಾಲು ನಿಲ್ಲಿಸತ್ತೆ,” ಎಂದೂ ಆಕೆ ಹೇಳಿಬಿಟ್ಟಳು. ಪಾಪ, ಹೊಸಬಳು.

ಲಿನಕ್ಸಿನಲ್ಲಿ ‘ಪರ್ಫ್ ಇವೆಂಟ್ ಪ್ಯಾರನಾಯ್ಡ್’ ಎಂಬ ಸೆಟ್ಟಿಂಗ್ ಒಂದಿದೆ. ಹೆಸರು ನನ್ನ ಕುಚೋದ್ಯವಲ್ಲ. ಅದರ ಅಂಕಿ ಏರಿದಷ್ಟೂ ಸಾಮಾನ್ಯ ಲಾಗಿನ್ನಿನವರು ಪರ್ಫ್ ಮೂಲಕ ಇಣುಕುವುದಕ್ಕೆ ಕಡಿವಾಣ. ಸೋಮವಾರ ಬೆಳಿಗ್ಗೆ ನಮ್ಮವರು ಅದನ್ನು ಏರಿಸಿದರು. ದೊಡ್ಡ ಸರ್ವರೂ ಬಂದಿದೆ. ಅದೇ ದರಪಟ್ಟಿಯನ್ನು ಮತ್ತೆ ಮತ್ತೆ ಪಾರ್ಸ್ ಮಾಡುವ ಕೆಲಸ ಈಗ ಬಹಳ ಚುರುಕಾಗಿ ನಡೆಯುತ್ತಿದೆ.