ಲೆಕ್ಕ ತಪ್ಪದ ಮೇಷ್ಟರು

ಪ್ರತಿ ಊರಿನ ಪ್ರೌಢಶಾಲೆಯಲ್ಲಿಯೂ ರಸಾಯನಶಾಸ್ತ್ರವನ್ನು ಬೋಧಿಸುವ ಮೇಷ್ಟರೊಬ್ಬರಿರುತ್ತಾರೆ. ಕೋಟಿನ ತೋಳಿನ ತುಂಬ ಸೀಮೆಸುಣ್ಣದ ಧೂಳನ್ನು ಧರಿಸಿ, ಬಾಣದ ಗುರುತಿನ ಎಡಕ್ಕೂ ಬಲಕ್ಕೂ ಇರುವ ಪರಮಾಣುಗಳ ಲೆಕ್ಕ ಒಂದಾಗುವವರೆಗೆ, ಗಂಟೆ ಹೊಡೆದದ್ದನ್ನಾಗಲಿ, ಮುಂದಿನ ಪಾಠದ ಪಂಡಿತರು ಬಾಗಿಲಲ್ಲಿ ಕೆಮ್ಮುತ್ತ ನಿಂತದ್ದನ್ನಾಗಲಿ ಲೆಕ್ಕಿಸದ ಮಹಾನುಭಾವರು ಅವರು.

ಜಲಜನಕವು ಉರಿದು ನೀರಾಗುವುದೇ ಅವರ ಪ್ರಥಮ ಪಾಠ. ಜಲಜನಕದ ಅಣುಗಳೆರಡು, ಆಮ್ಲಜನಕದ್ದೊಂದು, ಕೂಡಿ ನೀರಿನ ಅಣುಗಳೆರಡು. ಮೂರು ಹೋಗಿ ಎರಡಾದುವಲ್ಲ, ಮಿಕ್ಕದ್ದೆಲ್ಲಿ ಹೋಯಿತೆಂದು ಹಿಂದಿನ ಬೆಂಚಿನವನು ಕೇಳಿದರೆ ಅವರ ಮುಖ ಅರಳುತ್ತದೆ. “ಅಣುವನ್ನು ಎಣಿಸಬೇಡವಯ್ಯಾ, ಪರಮಾಣುವನ್ನು ಎಣಿಸು! ಈಚೆ ಆರು, ಆಚೆ ಆರು, ಒಂದಾದರೂ ತಪ್ಪಿಸಿಕೊಂಡಿತೆ?” ಆಗ ಲಾವೋಸಿಯೆಯ ಸ್ಮರಣೆಯಾಗಲೇಬೇಕು. ಕ್ರಿಯೆಗೆ ಮುಂಚೆ ಎಷ್ಟು ದ್ರವ್ಯವಿತ್ತೋ ಅನಂತರವೂ ಅಷ್ಟೇ ಇರುವುದೆಂದು 1789ರ ತನ್ನ ಗ್ರಂಥದಲ್ಲಿ ಸಾರಿದ ಆ ಪುಣ್ಯಾತ್ಮನು, ತೆರಿಗೆ ವಸೂಲಿಯ ಗುತ್ತಿಗೆದಾರರ ಕೂಟದಲ್ಲಿದ್ದ ಕಾರಣದಿಂದ 1794ರಲ್ಲಿ ಗಿಲೊಟಿನ್ನಿಗೆ ತಲೆಯೊಪ್ಪಿಸಬೇಕಾಯಿತೆಂದು ಹೇಳುವಾಗ, ಸ್ವಂತ ಸೋದರಮಾವನನ್ನು ಕಳೆದುಕೊಂಡವರಂತೆ ಅವರ ಕಂಠ ಗದ್ಗದವಾಗುತ್ತದೆ. ಆದರೂ ಮರುಕ್ಷಣವೇ, ತಲೆ ಬೇರೆ ಮುಂಡ ಬೇರೆಯಾದರೂ ಒಟ್ಟು ತೂಕದಲ್ಲಿ ವ್ಯತ್ಯಾಸವಾಗಲಿಲ್ಲವೆಂದು ಸೇರಿಸಲು ಅವರು ಮರೆಯುವುದಿಲ್ಲ.

ಕಾಪಿ ಹೊಡೆದವನನ್ನಾದರೂ ಅವರು ಕ್ಷಮಿಸಿಯಾರು, ಅಕ್ಷರದ ಬುಡದ ಅಂಕೆಯನ್ನು ತಿದ್ದಿದವನನ್ನು ಕ್ಷಮಿಸರು. ಆಮ್ಲಜನಕವೊಂದು ಕೊರತೆಬಿತ್ತೆಂದು ಬಡಪಾಯಿ ಬಾಲಕನೊಬ್ಬನು ಎಚ್ ಟೂ ಓ ಎಂಬುದನ್ನು ಸದ್ದಿಲ್ಲದೆ ಎಚ್ ಟೂ ಓ ಟೂ ಮಾಡಿ ಸಮಾಧಾನದ ಉಸಿರುಬಿಟ್ಟನೋ, ಮುಗಿಯಿತು. “ಬಾಯಾರಿದವನಿಗೆ ನೀರು ಕೊಡೋ ಎಂದರೆ ಗಾಯ ತೊಳೆಯುವ ಔಷಧವನ್ನು ಕೊಡುತ್ತೀಯಲ್ಲೋ, ಮಹರಾಯ! ಎಷ್ಟು ಬೇಕಾದರೂ ಮುಂದೆ ಬರೆದುಕೋ. ಒಳಗೆ ಮಾತ್ರ ಕೈಹಾಕಬೇಡ.”

ಇಂಥವರ ಕೈಗೆ ಊರಿನ ಮದುವೆಗಳಲ್ಲಿ ಉಗ್ರಾಣದ ಬೀಗದಕೈ ಬರುವುದು ಸಹಜವೇ ಸರಿ. ಒಮ್ಮೆ ನಲವತ್ತು ತೆಂಗಿನಕಾಯಿಗಳನ್ನು ಎಣಿಸಿಕೊಟ್ಟ ನಮ್ಮ ಮೇಷ್ಟರು, ಒಡೆದ ಮೇಲೆ ಹೋಳುಗಳನ್ನೂ ಎಣಿಸಿ, ಎಪ್ಪತ್ತೊಂಬತ್ತಕ್ಕೆ ಬಂದು ನಿಂತರು. ಬೆಸಸಂಖ್ಯೆಯೆಂದರೆ ಮೊದಲೇ ಅವರಿಗೆ ತಲೆಬೇನೆ.

“ಭಟ್ಟರೆ, ಇನ್ನೊಂದು ಹೋಳೆಲ್ಲಿ?”

“ಈ ಒಲೆಯ ಶಾಖಕ್ಕೆ ಆವಿಯಾಗಿ ಹೋಯಿತೋ ಏನೋ, ಸ್ವಾಮಿ,” ಎಂದರು ಅಡಿಗೆಯ ಭಟ್ಟರು, ಬಾಯಲ್ಲಿದ್ದುದನ್ನು ದವಡೆಗೆ ಸರಿಸಿಕೊಂಡು.

“ಆವಿಯಾದರೂ ಲೆಕ್ಕಕ್ಕೆ ಬರಬೇಕು, ಭಟ್ಟರೆ!”

ಧಾರೆಯ ಮುಹೂರ್ತ ಸಮೀಪಿಸಿ, ಗಟ್ಟಿಮೇಳಕ್ಕೆ ಕೈಸನ್ನೆಯಾದರೂ ಮೇಷ್ಟರು ಉಗ್ರಾಣ ಬಿಟ್ಟು ಕದಲಲಿಲ್ಲ.

ಇಂಥವರ ಬಳಿಗೆ ಮನೆಪಾಠಕ್ಕೆ ಮಕ್ಕಳನ್ನು ಕಳುಹಿಸುವ ತಾಯಿತಂದೆಗಳಲ್ಲಿ ನನ್ನದೊಂದು ಅರಿಕೆ: ಪೆನ್ನಿನ ಬದಲು ಪೆನ್ಸಿಲನ್ನೂ, ಜೊತೆಗೆ ದೊಡ್ಡದೊಂದು ರಬ್ಬರನ್ನೂ ಕೊಟ್ಟು ಕಳುಹಿಸಿ. ಕಾಯ್ದ ಕಬ್ಬಿಣದ ಮೇಲೆ ನೀರಾವಿ ಹಾಯಿಸುವ ಸಮೀಕರಣಕ್ಕೆ ಕಬ್ಬಿಣ ಮೂರು, ನೀರು ನಾಲ್ಕು ಎಂಬುದು ಮೊದಲ ಬರೆಹಕ್ಕೇ ಯಾವ ಮಗುವಿಗೂ ಹೊಳೆಯುವುದಿಲ್ಲ.