ಅಶ್ವವರದಿ ಮೀಮಾಂಸೆ

‘ಕುದುರೆ’ ಪದದ ಮೂಲವನ್ನು ವಿದ್ವಾಂಸರು ಎಲ್ಲೆಲ್ಲೋ ಹುಡುಕಿದ್ದಾರೆ. ಅದು ‘ಕುದುರು’ ಧಾತುವಿನಿಂದ ಬಂದಿತೆಂಬುದು ಈ ಲೇಖಕನ ಅಚಲ ಮತ. ಸಂಬಂಧ ಕುದುರುತ್ತದೆ, ವ್ಯಾಪಾರ ಕುದುರುತ್ತದೆ. ಯಾವ ಪ್ರಾಣಿಗೆ ಎಲ್ಲವೂ ತಾನಾಗಿ ಕುದುರುತ್ತದೋ ಅದು ಕುದುರೆ. ಏನೂ ಕುದುರದವನು ವರದಿಗಾರ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಈಕ್ವೆಸ್ಟ್ರಿಯನ್ ಸ್ಪರ್ಧೆಗಳಿಗಾಗಿ ಬೆಂಗಳೂರಿನಿಂದ ವರ್ಸೇಲ್ಸ್ ಅರಮನೆಯವರೆಗೆ ನಡೆಸಿದ ಕ್ಷೇತ್ರಕಾರ್ಯವೇ ಇದಕ್ಕೆ ಆಧಾರ.

ಮನುಷ್ಯನೇ ಮುಖ್ಯ, ಕುದುರೆ ಅವನ ವಾಹನವಷ್ಟೇ ಎಂಬುದು ಪೂರ್ವಪಕ್ಷ. ಇದರ ಖಂಡನೆಗೆ 1956 ಒಂದೇ ಸಾಕು. ಆ ವರ್ಷದ ಒಲಿಂಪಿಕ್ಸ್ ಮೆಲ್ಬರ್ನ್‌ನಲ್ಲಿ. ಆಸ್ಟ್ರೇಲಿಯಾದ ಕ್ವಾರಂಟೈನ್ ಕಾನೂನು ಪರದೇಶದ ಕುದುರೆಗಳನ್ನು ಒಳಗೆ ಬಿಡಲು ಒಪ್ಪಲಿಲ್ಲ. ಹಾಗೆಂದು ಕುದುರೆಗಳನ್ನು ಕೈಬಿಟ್ಟರೇ? ಇಲ್ಲ. ಅವುಗಳಿಗೆಂದೇ ಜೂನ್ ತಿಂಗಳಲ್ಲಿ ಸ್ಟಾಕ್‌ಹೋಮ್‌ನಲ್ಲಿ ಬೇರೆ ಕೂಟ ನಡೆಯಿತು. ಬರಿಗಾಲಲ್ಲಿ ಓಡುವ ಮನುಷ್ಯರು ನವೆಂಬರ್‌ವರೆಗೆ ಕಾದು ಭೂಗೋಳದ ಆ ಕಡೆ ಓಡಿಕೊಂಡರು. 2008ರಲ್ಲಿ ಬೀಜಿಂಗ್ ಕೂಟದ ಕುದುರೆಗಳು ಹಾಂಗ್‌ಕಾಂಗ್‌ನಲ್ಲಿದ್ದವು. ವರದಿಗಾರನ ವೀಸಾ ತಡವಾಯಿತೆಂದು ಒಲಿಂಪಿಕ್ಸ್ ಅರ್ಧ ಗಂಟೆಯಾದರೂ ಮುಂದೆ ಹೋದ ನಿದರ್ಶನ ಯಾವ ಶಾಸನದಲ್ಲೂ ಸಿಕ್ಕಿಲ್ಲ.

ಇನ್ನು ಪಾಸ್‌ಪೋರ್ಟ್ ವಿಚಾರ. ಅಂತರರಾಷ್ಟ್ರೀಯ ಸ್ಪರ್ಧೆಗೆ ಹೋಗುವ ಕುದುರೆಗೂ ಪಾಸ್‌ಪೋರ್ಟ್ ಉಂಟು. ಅದರಲ್ಲಿ ಕುದುರೆಯ ಚಿತ್ರ ಬರೆದು, ಮೈಮೇಲಿನ ಬಿಳಿ ಪಟ್ಟೆಗಳನ್ನೂ ಸುಳಿಗಳನ್ನೂ ಗುರುತು ಮಾಡಿರುತ್ತಾರೆ. ಸುಳಿ ನೋಡಿಯೇ ಕುದುರೆ ಕೊಳ್ಳಬೇಕೆಂದು ನಮ್ಮ ಹಿರಿಯರು ಬಡಿದುಕೊಂಡಿದ್ದನ್ನು ಯೂರೋಪಿನವರು ಕದ್ದರೋ, ತಾವೇ ಕಂಡುಕೊಂಡರೋ ಎಂಬುದು ಪ್ರತ್ಯೇಕ ಪ್ರಬಂಧದ ವಸ್ತು. ಈ ಲೇಖಕನ ನೆತ್ತಿಯಲ್ಲಿ ಎರಡು ಸುಳಿಗಳಿವೆ. ಎರಡು ಮದುವೆ ಖಚಿತವೆಂದು ಅಜ್ಜಿ ಹೇಳುತ್ತಿದ್ದರು. ವೀಸಾ ಕೌಂಟರಿನಲ್ಲಿ ಯಾರೂ ಅದನ್ನು ನೋಡಲಿಲ್ಲ. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದರು, ಮರಳಿ ಬರುತ್ತೀರೆಂಬುದಕ್ಕೆ ಪುರಾವೆ ಏನೆಂದರು. ಕುದುರೆಯನ್ನು ಯಾರೂ ಹೀಗೆ ಕೇಳುವುದಿಲ್ಲ. ವಿಮಾನದಲ್ಲೂ ಅದರ ಜೊತೆಗೆ ಹುಲ್ಲು, ನೀರು, ನೋಡಿಕೊಳ್ಳಲು ಆಳು. ನಿಂತೇ ನಿದ್ದೆ ಮಾಡುವ ವಿದ್ಯೆ ಕುದುರೆಗೆ ಹುಟ್ಟಿನಿಂದ ಬಂದರೆ ಲೇಖಕನಿಗೆ ಇಮಿಗ್ರೇಷನ್ ಸಾಲಿನಲ್ಲಿ ಸಿದ್ಧಿಸಿತು.

ಅಖಾಡದ ವರ್ಣನೆ. ಕುದುರೆಯ ನಡಿಗೆಗೇ ಅಂಕ ಕೊಡುವ ಡ್ರೆಸ್ಸಾಜ್‌ನ ಅಂಗಳ 60 ಮೀಟರ್ ಉದ್ದ, 20 ಮೀಟರ್ ಅಗಲ. ಬೆಂಗಳೂರಿನವರ ಕಣ್ಣಿಗೆ ಹೆಚ್ಚುಕಡಿಮೆ ಹನ್ನೊಂದು ತರ್ಟಿ-ಫಾರ್ಟಿ ಸೈಟು. ಅಂಚಿನುದ್ದಕ್ಕೂ ಅಕ್ಷರ ಫಲಕಗಳು: ಎ, ಕೆ, ವಿ, ಇ, ಎಸ್, ಎಚ್, ಸಿ, ಎಂ, ಆರ್, ಬಿ, ಪಿ, ಎಫ್. ಕಂಠ್ಯ, ತಾಲವ್ಯ ಎಂದು ಬಾಯಿಯೊಳಗಿನ ಜಾಗ ಹಿಡಿದು ಅಕ್ಷರ ಜೋಡಿಸಿದ ನಾಡಿನವನಿಗೆ ಇದನ್ನು ಕಂಡು ತಲೆ ತಿರುಗುವುದು ಸಹಜ. ಈ ಕ್ರಮ ಎಲ್ಲಿಂದ ಬಂತೆಂಬ ಬಗ್ಗೆ ಕುದುರೆಯವರಲ್ಲೇ ಒಮ್ಮತವಿಲ್ಲ. ಜರ್ಮನಿಯ ಆಸ್ಥಾನದ ಲಾಯದ ಗೋಡೆಯಲ್ಲಿ ಯಾರ ಕುದುರೆ ಎಲ್ಲಿ ನಿಲ್ಲಬೇಕೆಂದು ಬರೆದಿದ್ದ ಗುರುತುಗಳಿವು, ಕೆ ಎಂದರೆ ಕೈಸರ್ ಎಂಬುದು ಒಂದು ಪಕ್ಷ. ಆದರೆ ತತ್ವ ಇರುವುದು ನಡುವೆ. ಅಂಗಳದ ಮಧ್ಯಬಿಂದು ಎಕ್ಸ್‌ಗೆ ಫಲಕವೇ ಇಲ್ಲ. ಸವಾರ ಎ ಬಳಿ ಒಳಬಂದು, ಕಾಣದ ಎಕ್ಸ್ ಅನ್ನು ಮನದಲ್ಲೇ ಕಂಡು, ಕುದುರೆ ನಿಲ್ಲಿಸಿ ವಂದಿಸಬೇಕು. ಶುದ್ಧ ನಿರ್ಗುಣೋಪಾಸನೆ!

ಮುಂದಿನದು ಪಿಯಾಫ್. ಕುದುರೆ ತಾಳಬದ್ಧವಾಗಿ ಕಾಲೆತ್ತಿ ಹಾಕುತ್ತದೆ, ಮುಂದೆ ಮಾತ್ರ ಹೋಗುವುದಿಲ್ಲ. ವೀಸಾಕ್ಕಾಗಿ ಓಡಾಡಿದ ಆ ದಿನಗಳಲ್ಲಿ ಲೇಖಕನೂ ಮಾಡಿದ್ದು ಇದನ್ನೇ. ಕುದುರೆಗೆ ಏಳು ಮಂದಿ ತೀರ್ಪುಗಾರರು ಹತ್ತರ ಲೆಕ್ಕದಲ್ಲಿ ಅಂಕ ಕೊಡುತ್ತಾರೆ.

ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಈವೆಂಟಿಂಗ್‌ನಲ್ಲಿ 23ನೆಯವರಾಗಿದ್ದ ಹುರುಪಿನಲ್ಲೇ ಸಂಪಾದಕರು ಈ ಲೇಖಕನನ್ನು ಕಳಿಸಿದ್ದು. ವರ್ಸೇಲ್ಸ್‌ನಲ್ಲಿ ಭಾರತದ ಕಡೆಯಿಂದ ಇದ್ದವರು ಅನುಷ್ ಅಗರ್ವಾಲಾ, ಒಲಿಂಪಿಕ್ಸ್ ಡ್ರೆಸ್ಸಾಜ್‌ನಲ್ಲಿ ಸ್ಪರ್ಧಿಸಿದ ಮೊದಲ ಭಾರತೀಯ. ಕುದುರೆಯ ಹೆಸರು ಸರ್ ಕ್ಯಾರಮೆಲೊ ಓಲ್ಡ್. ಜುಲೈ ಕೊನೆಯ ಸುಡುಬಿಸಿಲು. ಬಿಸಿಲ್ಗುದುರೆ ಎಂಬ ಪದದ ವಾಚ್ಯಾರ್ಥ ಅಲ್ಲಿ ಪ್ರತ್ಯಕ್ಷವಾಯಿತು. ಗ್ಯಾಲರಿಯಲ್ಲಿ ಉಸಿರೂ ಕೇಳದ ಮೌನ. ಆಗಲೇ ಜೇಬಿನಲ್ಲಿ ಫೋನ್ ನಡುಗಿತು. ಅಮ್ಮ. ಸುತ್ತಲಿನವರ ದೃಷ್ಟಿಗೆ ಹೆದರಿ ಹೊರಗೋಡಿ, ಎಲ್ಲ ಮುಗಿದು ಅಂಕ ಬಂದ ಮೇಲೆ ತಿರುಗಿ ಫೋನ್ ಮಾಡಿದ್ದಾಯಿತು.

“ಏನೋ, ಕುದುರೆ ಎಷ್ಟು ದೂರ ಓಡ್ತು?”

“ಓಡಲ್ಲಮ್ಮ. ನಿಂತಲ್ಲೇ ಕುಣಿಯುತ್ತೆ.”

“ಅದನ್ನ ನೋಡೋಕೆ ಅಷ್ಟು ದೂರ ಹೋದ್ಯಾ? ನಂಜುಂಡಿ ಮದುವೇಲಿ ಬಂದಿರಲಿಲ್ವಾ ಕುದುರೆ, ಬ್ಯಾಂಡಿಗೆ ಕುಣೀತಿತ್ತಲ್ಲ! ಎಷ್ಟು ಬಂತು ಮಾರ್ಕ್ಸು?”

“ಶೇಕಡಾ 66.444.”

“ಫಸ್ಟ್ ಕ್ಲಾಸು ತಾನೆ?”

“ಗುಂಪಿನಲ್ಲಿ ಒಂಬತ್ತನೇ ಸ್ಥಾನ.”

“ಪಾಪ, ಬಿಸಿಲು ಬೇರೆ. ಹುರುಳಿ ಬೇಯಿಸಿ ಹಾಕ್ತಾರೇನೋ ಅಲ್ಲಿ?”

ಅಮ್ಮನ ಈ ಪ್ರಶ್ನೆಯೇ ಪ್ರಬಂಧದ ಪ್ರಮುಖ ಶೋಧನೆ. ಅಲ್ಲಿಯ ಕುದುರೆಗೆ ಓಟ್ಸ್. ಲೇಖಕನಿಗೂ ಬೆಳಗಿನ ತಿಂಡಿಗೆ ಅದೇ. ಹುರುಳಿಯೇ ಇಲ್ಲದ ಊರಿನಿಂದ ಬರೆದ ವರದಿಯಲ್ಲಿ ಹುರುಳು ಎಲ್ಲಿಂದ ಬರಬೇಕು?

ರಾತ್ರಿ ಡೆಸ್ಕಿನಿಂದ ಕಿರಿಯ ಉಪಸಂಪಾದಕನ ಕರೆ: “ಸಾರ್, ಇಲ್ಲಿ ಸರ್ ಅಂತ ಇದೆಯಲ್ಲ, ಅದು ಸವಾರರೋ ಕುದುರೆಯೋ? ಸಾರ್ ಕೇಳ್ತಿದ್ದಾರೆ ಸಾರ್.” ಒಂದೇ ಉಸಿರಿನಲ್ಲಿ ಮೂವರು ಸಾರ್‌ಗಳು. ಅವರ ಪೈಕಿ ದಾಖಲೆಯಲ್ಲಿ ಸರ್ ಆಗಿದ್ದದ್ದು ಕುದುರೆಯೊಂದೇ. ಸಿದ್ಧಾಂತ ಅಲ್ಲಿಗೆ ಸ್ಥಾಪಿತವಾಯಿತು. ವರದಿ ಮರುದಿನ ಆರು ಸಾಲಾಗಿ, ಟೈರಿನ ಜಾಹೀರಾತಿನ ಕೆಳಗೆ ಬಂತು.

ಆ ಪತ್ರಿಕೆಯನ್ನು ಯಾರಾದರೂ ಇಟ್ಟುಕೊಂಡಿದ್ದರೆ, ಎರಡನೇ ಸಾಲಿನಲ್ಲಿ ‘ಮುದಿ ಕುದುರೆ’ ಎಂದಿರುವುದನ್ನು ‘ಓಲ್ಡನ್‌ಬರ್ಗ್ ತಳಿಯ ಕುದುರೆ’ ಎಂದು ತಿದ್ದಿ ಓದಿಕೊಳ್ಳಬೇಕಾಗಿ ವಿನಂತಿ.